ವಾಕರ್ ಸದ್ದಿಗೆ ಬಾಗಿಲು ಹಾಕಿಕೊಳ್ಳುವ ಮೊಮ್ಮಗ: ಓದುಗರ ಸ್ಪಂದನ

ಕಳೆದ ವಾರದ ಸಮಸ್ಯೆ: ನನಗೆ 68 ವರ್ಷ. ಬಲ ಮಂಡಿ ಬದಲಾಯಿಸಿ ಒಂದೂವರೆ ತಿಂಗಳಾಯಿತು. ತಿಪಟೂರಿನ ಮನೆಗೆ ಬೀಗ ಹಾಕಿ ಬೆಂಗಳೂರಲ್ಲಿ ಮಗನ ಮನೆಯಲ್ಲಿದ್ದೇನೆ. ಸೊಸೆ ಎಲ್ಲಾ ಮಾಡುತ್ತಾಳೆ, ಮಾತು ಮಾತ್ರ ಕಡಿಮೆ. ಪಿಯುಸಿ ಓದುವ ಮೊಮ್ಮಗ ನನ್ನ ವಾಕರ್ ಸದ್ದು ಕೇಳಿದರೆ ರೂಮಿನ ಬಾಗಿಲು ಹಾಕಿಕೊಳ್ಳುತ್ತಾನೆ. ನೋವು ಇನ್ನೂ ಹೋಗಿಲ್ಲ. ಎಡ ಮಂಡಿಯೂ ಹೋಗುವ ಹಾಗಿದೆ, ಮತ್ತೆ ಮಗನಿಗೆ ಖರ್ಚು. ಎಲ್ಲರಿಗೂ ಭಾರವಾದೆ ಅನಿಸುತ್ತದೆ. ಊರಿಗೆ ಹೋಗಿಬಿಡಲೇ?

ತಂಗೀ, ನನಗೆ 72. ನಿಮಗಿಂತ ದೊಡ್ಡವಳು, ಹಾಗಾಗಿ ಈ ಸಲಿಗೆ. ನನ್ನ ಎರಡೂ ಮಂಡಿ ಬದಲಾಗಿವೆ.

ಮೊದಲು ಆ ಹುಡುಗನ ವಿಷಯ. ನನಗೆ 22 ಇದ್ದಾಗ ನಮ್ಮತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಹತ್ತಿರ ಮೂಳೆ ಮುರಿದುಕೊಂಡರು. ನಮ್ಮ ಕಡೆ ಆಗ ಆಪರೇಷನ್ ಎಲ್ಲಿಂದ ಬರಬೇಕು? ಕಾಲಿಗೆ ಪಟ್ಟಿ ಸುತ್ತಿ, ಹಗ್ಗ ಕಟ್ಟಿ, ಮಂಚದ ತುದಿಯಿಂದ ಇಟ್ಟಿಗೆ ಇಳಿಬಿಟ್ಟು ವಾರಗಟ್ಟಲೆ ಮಲಗಿಸಿದ್ದರು. ನಾನು ಗಂಜಿ ಕಾಯಿಸಿ ಬಾಗಿಲ ತನಕ ತಂದು ನಾದಿನಿಯ ಕೈಗೆ ಕೊಟ್ಟು ವಾಪಸ್ ಹೋಗುತ್ತಿದ್ದೆ. ಹೊಸ ಸೊಸೆಗೆ ಅಸಹ್ಯ ಅಂತ ಮನೆಯವರೆಲ್ಲ ತಿಳಿದರು. ನನಗಿದ್ದದ್ದು ಭಯ. ನಾನು ಹತ್ತಿರ ಹೋಗಿ ಆ ಇಟ್ಟಿಗೆ ಅಲ್ಲಾಡಿ ಅವರಿಗೆ ನೋವಾದರೆ ಅಂತ. ಒಂದು ದಿನ ಮನೆಯಲ್ಲಿ ಯಾರೂ ಇರಲಿಲ್ಲ. 'ಲೇ, ಬಾ ಇಲ್ಲಿ, ತಲೆ ಬಾಚು' ಅಂದರು. ತಲೆ ಎತ್ತೋಕಾಗದೆ ಮಲಗಿದ್ದವರ ಕೂದಲನ್ನು ಒಂದೊಂದೇ ಪಕ್ಕ ಬಿಡಿಸಿ, ಎಣ್ಣೆ ಹಚ್ಚಿ ಬಾಚಿದೆ. ಮುಗಿಸುವಷ್ಟರಲ್ಲಿ ಭಯ ಹೋಗಿತ್ತು. ಆಮೇಲೆ ದಿನಾ ನಾನೇ ಬಾಚಿದೆ.

ನಿಮ್ಮ ಮೊಮ್ಮಗನೂ ಹಾಗೇ ಇರಬಹುದು. ಅಜ್ಜಿ ಒಂದೊಂದು ಹೆಜ್ಜೆಗೂ ಹಲ್ಲು ಕಚ್ಚುವುದನ್ನು ನೋಡೋಕೆ ಆ ವಯಸ್ಸಿನ ಹುಡುಗರಿಗೆ ಆಗುವುದಿಲ್ಲ. 'ಬಾರೋ, ಮಾತಾಡು' ಅಂದರೆ ಏನು ಮಾತಾಡ್ತಾನೆ ಪಾಪ! ಒಂದು ಕೆಲಸ ಕೊಡಿ. ನನ್ನ ಎರಡನೇ ಮಂಡಿ ಆದಾಗ ಎಂಟನೇ ಕ್ಲಾಸಿನ ಮೊಮ್ಮಗಳಿಗೆ ಕೊಟ್ಟಿದ್ದು ಇದು: ನಾನು ಕುರ್ಚಿಯಲ್ಲಿ ಕೂತು ಪಾದವನ್ನು ಹಿಂದಕ್ಕೆ ಜಾರಿಸಬೇಕು, ಹಿಮ್ಮಡಿ ಎಲ್ಲಿ ನಿಂತಿತೋ ಅಲ್ಲಿ ಅವಳು ನೆಲಕ್ಕೆ ಸೀಮೆಸುಣ್ಣದ ಗೆರೆ ಎಳೆದು ತಾರೀಖು ಬರೆಯಬೇಕು. ಮರುದಿನ ಗೆರೆ ಒಂದು ಬೆರಳು ಹಿಂದೆ. ಕಂಪಾಸ್ ಬಾಕ್ಸಿನ ಕೋನಮಾಪಕ ಹಿಡಿದು '70 ಡಿಗ್ರಿ ಅಜ್ಜಿ' ಅನ್ನುವಳು. 90 ಮುಟ್ಟಿದ ದಿನ ಓಡಿಹೋಗಿ ಬೀದಿಗೆಲ್ಲಾ ಹೇಳಿಬಂದಳು. ಒಮ್ಮೆ ನೆಲ ಒರೆಸುವಾಗ ಗೆರೆಗಳೆಲ್ಲ ಅಳಿಸಿಹೋದವು ಅಂತ ಅತ್ತೇಬಿಟ್ಟಳು.

ಇನ್ನು ನೋವು. ಒಂದೂವರೆ ತಿಂಗಳಿಗೆ ಪೂರ್ತಿ ಹೋಗುವುದಿಲ್ಲ ತಂಗಿ. ಊತ, ಮಂಡಿ ಬೆಚ್ಚಗಿರುವುದು ತಿಂಗಳುಗಟ್ಟಲೆ ಇರುತ್ತದೆ. ಗಾಯದ ಗೆರೆಯ ಹೊರಪಕ್ಕ ಮುಟ್ಟಿದರೆ ಜೋಮು ಹಿಡಿದ ಹಾಗಿರುತ್ತದೆ. ಕಾಲು ನನ್ನದೇ ಅನಿಸೋಕೆ ನನಗೆ ಹತ್ತಿರ ಹತ್ತಿರ ಒಂದು ವರ್ಷ ಬೇಕಾಯಿತು.

'ಭಾರ' ಅನ್ನುವ ಮಾತನ್ನು ಮಾತ್ರ ಮನೆಯಲ್ಲಿ ಆಡಬೇಡಿ. ಅವರು ಕೆಲಸವೂ ಮಾಡಿ, ನಿಮಗೆ ಸಮಾಧಾನವೂ ಹೇಳಬೇಕಾಗುತ್ತದೆ.
– ಹಾಸನದ ಓದುಗರೊಬ್ಬರು

ಅಮ್ಮಾ, ನಾನು ನಿಮ್ಮ ಸೊಸೆಯ ಜಾಗದಲ್ಲಿ ಇದ್ದವಳು. ಬೆಳಿಗ್ಗೆ ಐಸ್ ಪ್ಯಾಕ್, ಮಾತ್ರೆ, ತಿಂಡಿ, ಡಬ್ಬಿ, ಆಮೇಲೆ ಆಫೀಸು. ಬಾಯಲ್ಲಿ ಮಾತಿಲ್ಲ ಅಂದರೆ ಕೋಪ ಅಂತಲ್ಲ, ತಲೆಯೊಳಗೆ ಮುಂದಿನ ಕೆಲಸದ ಲೆಕ್ಕ ಓಡುತ್ತಿರುತ್ತದೆ. ನಮ್ಮತ್ತೆ ಒಂದು ದಿನ 'ಮಾತ್ರೆ ಇನ್ಮೇಲೆ ನಾನೇ ನೋಡ್ಕೋತೀನಿ ಕಣೇ' ಅಂದರು. ವಾರದ ಏಳು ಖಾನೆಯ ಡಬ್ಬಿ ತರಿಸಿ ತಾವೇ ತುಂಬಿಕೊಂಡರು. ಸಂಜೆ ನಾನು ಬರುವಷ್ಟರಲ್ಲಿ ಕೂತಲ್ಲೇ ಅವರೆಕಾಯಿ ಸುಲಿದು ಇಟ್ಟಿದ್ದರು. ಅವತ್ತು ರಾತ್ರಿ ಇಬ್ಬರೂ ಎಷ್ಟು ಹೊತ್ತು ಮಾತಾಡಿದೆವೋ!
– ದಾವಣಗೆರೆಯಿಂದ

ಖರ್ಚಿನ ಬಗ್ಗೆ: ಕೃತಕ ಮಂಡಿಗೆ ಸರ್ಕಾರ 2017ರ ಆಗಸ್ಟ್‌ನಲ್ಲಿ ಗರಿಷ್ಠ ಬೆಲೆ ಕಟ್ಟಿದೆ. ಎಡ ಮಂಡಿ ಮಾಡಿಸುವ ಸಮಯ ಬಂದರೆ, ಬಿಲ್ಲಿನಲ್ಲಿ ಮಂಡಿಯ ಬೆಲೆ ಬೇರೆ ಬರೆದು ಕೊಡಿ ಅಂತ ಮಗ ಕೇಳಲಿ. ಅದಕ್ಕಾಗಿ ಈಗಲೇ ನಿದ್ದೆ ಕೆಡಿಸಿಕೊಳ್ಳಬೇಡಿ.
– ಹುಬ್ಬಳ್ಳಿಯಿಂದ

ನಾನು ನಿವೃತ್ತ ನರ್ಸ್. ಊರಿಗೆ ಖಂಡಿತ ಹೋಗಿ, ಆದರೆ ಡಾಕ್ಟರು ಹೂಂ ಅಂದ ಮೇಲೆ. ಅಲ್ಲಿಯವರೆಗೆ ಮಂಡಿ ಕೆಳಗೆ ದಿಂಬು ಇಟ್ಟು ಮಲಗಬೇಡಿ. ಹಾಯಾಗಿರುತ್ತದೆ ನಿಜ, ಆದರೆ ಕಾಲು ನೆಟ್ಟಗಾಗದೆ ಮಡಚಿದ ಹಾಗೇ ಉಳಿದುಬಿಡುತ್ತದೆ. ದಿಂಬು ಬೇಕೇ ಬೇಕು ಅಂದರೆ ಹಿಮ್ಮಡಿ ಕೆಳಗಿಡಿ. ಮೀನಖಂಡ ಊದಿ ನೋಯುತ್ತಿದ್ದರೆ, ಉಸಿರು ಕಟ್ಟಿದ ಹಾಗಾದರೆ, ಗಾಯದಿಂದ ನೀರು ಸೋರಿದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು.

ಊರ ಮನೆಯಲ್ಲಿ ಕುಕ್ಕರಗಾಲಲ್ಲಿ ಕೂರುವ ಕಕ್ಕಸು ಇದ್ದರೆ ಮೊದಲು ಕಮೋಡ್ ಹಾಕಿಸಿ, ಗೋಡೆಗೆ ಒಂದು ಹಿಡಿ ಇರಲಿ. ಬಚ್ಚಲ ಪಾಚಿ ಉಜ್ಜಿಸಿ. ಪರೀಕ್ಷೆ ಮುಗಿದ ಮೇಲೆ ಮೊಮ್ಮಗನನ್ನೇ ಒಂದು ದಿನ ಮುಂಚೆ ಕಳಿಸಿ, ಬೀಗದ ಕೈ ಅವನ ಕೈಗೇ ಕೊಟ್ಟು.
– ಮೈಸೂರಿನಿಂದ