ಲೈನ್ ಬದಲಿಸಿದ ಮ್ಯಾಲೆ ಜಿಮೇಲ್‌ಗೆ ಮೇಲ್ ಮುಟ್ಟವಲ್ದು

ಗಂಗಾವತಿ ಮಿಲ್‌ನವ:
ನಮ್ಮದು ಗಂಗಾವತಿಯಾಗ ರೈಸ್ ಮಿಲ್ ಆಫೀಸ್ರಿ. ಮೂಲ್ಯಾಗ ಒಂದು ಹಳೇ ಡೆಸ್ಕ್‌ಟಾಪ್, ಅದರಾಗ ಉಬುಂಟು, ಮೇಲ್ ಕಳಿಸೋ ಸಾಫ್ಟ್‌ವೇರ್ ಪೋಸ್ಟ್‌ಫಿಕ್ಸ್. ಲಾರಿ ಲೋಡ್ ಆದಕೂಡ್ಲೆ ಕಾಟಾ ಚೀಟಿ, ಬಿಲ್ಲು ಎರಡೂ ಪಾರ್ಟಿಗೆ ಅದರಿಂದನ ಹೋಗ್ತಾವ. ಹೋದ ವಾರ ಇಂಟರ್ನೆಟ್ ಲೈನ್ ಬದಲಿಸಿದ್ವಿ, ಹೊಸ ಸ್ಟ್ಯಾಟಿಕ್ ಐಪಿ (ಬದಲಾಗದ ನೆಟ್ ವಿಳಾಸ) ಬಂತು. ಅವತ್ತಿಂದ ಜಿಮೇಲ್ ಇದ್ದ ಪಾರ್ಟಿಗೋಳಿಗೆ ಕಳಿಸಿದ್ದೆಲ್ಲಾ 550 5.7.26 (ಕಳಿಸಿದವರ ಗುರುತು ಖಾತ್ರಿ ಆಗಿಲ್ಲ) ಅಂತ ವಾಪಸ್ ಬರಾಕತ್ತಾವ. ಸ್ವಂತ ಡೊಮೇನ್ ಇದ್ದ ಒಂದಿಬ್ಬರಿಗೆ ಮಾತ್ರ ಮುಟ್ತಾವ. ಹೊಸ ಐಪಿಗೆ ಎಸ್‌ಪಿಎಫ್ (ನಮ್ಮ ಡೊಮೇನ್ ಮೇಲ್ ಯಾವ ಐಪಿಯಿಂದ ಹೋಗಬಹುದು ಅನ್ನೋ ಸಾಲು) ಸೇರಿಸಿ ಎರಡು ದಿನ ಕಾದೀನಿ. ನಿನ್ನೆ ಲಾರಿ ಹೊಸಪೇಟಿ ದಾಟಿದ್ರೂ ಬಿಲ್ಲಿಲ್ಲ, ಕಡೀಕ ಫೋಟೋ ಹೊಡದು ವಾಟ್ಸಾಪ್ ಮಾಡಿದೆ. "ಮೊದಲ ಹಂಗ ಮಾಡಿದ್ರ ಏನ್ ಆಗ್ತಿತ್ತು" ಅಂತಾರ ನಮ್ಮ ಸಾವ್ಕಾರ್ರು.

ಬಳ್ಳಾರಿ ಪೆಂಗ್ವಿನ್:
"ಸೇರಿಸಿ" ಅಂದ್ರಲ್ಲ, ನನಗ ಅಲ್ಲೇ ಡೌಟು. ಹಳೇ ಸಾಲು ತಿದ್ದಿದ್ರೋ, ಇನ್ನೊಂದು ಸಾಲು ಹಾಕಿದ್ರೋ? ಒಂದು ಡೊಮೇನಿಗೆ ಎಸ್‌ಪಿಎಫ್ ಒಂದೇ ಇರಬೇಕು. ಎರಡಿದ್ರೆ ಪರ್ಮ್‌ಎರರ್ (ಕಾಯಂ ತಪ್ಪು), ಎರಡೂ ಇಲ್ಲದಂಗ. ಡಿಗ್ ಕಮಾಂಡ್ ಹಾಕಿ ಡೊಮೇನಿನ ಟಿಎಕ್ಸ್‌ಟಿ ರೆಕಾರ್ಡ್ ನೋಡ್ರಿ, ಎಸ್‌ಪಿಎಫ್ ಅಲ್ಲೇ ಇರ್ತದ. ಡಿಕಿಮ್ (ಮೇಲ್‌ಗೆ ಹಾಕೋ ಡಿಜಿಟಲ್ ಸಹಿ) ಇಲ್ಲ ಅನಸ್ತದ, ಇದ್ದಿದ್ರೆ ಅದರ ಮ್ಯಾಲಾದ್ರೂ ಪಾಸಾಗ್ತಿತ್ತು. 2024ರ ಫೆಬ್ರವರಿಯಿಂದ ಜಿಮೇಲ್ ಎಲ್ಲಾರಿಗೂ ಎಸ್‌ಪಿಎಫ್, ಡಿಕಿಮ್ ಎರಡರಾಗ ಒಂದು ಕಡ್ಡಾಯ ಮಾಡೈತಿ. ದಿನಕ್ಕ 5,000 ಕಳಿಸೋರಿಗೆ ಎರಡೂ ಬೇಕು, ಮ್ಯಾಲೆ ಡಿಮಾರ್ಕ್ (ಆ ಪರೀಕ್ಷೆ ಫೇಲಾದ ಮೇಲ್ ಏನ್ ಮಾಡಬೇಕು ಅನ್ನೋ ರೆಕಾರ್ಡ್). ನಿಮ್ಮ ಮಿಲ್ ಅಷ್ಟು ಅಕ್ಕಿ ಮಾರಂಗಿಲ್ಲ ಬಿಡ್ರಿ.

ಗಂಗಾವತಿ ಮಿಲ್‌ನವ:
ಖರೇನ ಎರಡಿದ್ವು! ಹಳೇದನ್ನ ಕಿತ್ತು ಒಂದ ಸಾಲು ಇಟ್ಟೆ. ಒಂದು ತಾಸು ಬಿಟ್ಟು ಕಳಿಸಿದ್ರ ಈಗ 5.7.25 ಅನ್ನಾಕತ್ತೈತಿ. 26 ಹೋಗಿ 25 ಆತು, ಹಿಂಗ ಒಂದೊಂದ ಕಮ್ಮಿ ಆಗ್ತಾವೇನ್ರಿ? ಪಿಟಿಆರ್ (ಐಪಿಯಿಂದ ಹೆಸರು ತೋರಿಸೋ ರೆಕಾರ್ಡ್) ಇಲ್ಲಂತ. ಡೊಮೇನ್ ತಗೊಂಡಲ್ಲಿ ಪ್ಯಾನೆಲ್‌ನಾಗ ಹಾಕೀನಿ, ಆದ್ರೂ ಕೇಳವಲ್ದು.

ರಾಯಚೂರು ಹತ್ತಿ:
ಅಲ್ಲಿ ಹಾಕಿದ್ರ ನಡಿಯಂಗಿಲ್ಲ ಅಣ್ಣಾ. ಐಪಿ ಯಾರದೋ ಪಿಟಿಆರ್ ಅವರ ಕೈಯಾಗ, ಅಂದ್ರ ಲೈನ್ ಕೊಟ್ಟೋರು. ಫೋನ್ ಹಚ್ಚಬ್ಯಾಡ್ರಿ, "ರೌಟರ್ ಬಂದ್ ಮಾಡಿ ಚಾಲೂ ಮಾಡ್ರಿ" ಅಂತಾರ. ರಿವರ್ಸ್ ಡಿಎನ್‌ಎಸ್ (ಅಂದ್ರ ಪಿಟಿಆರ್) ಬೇಕು ಅಂತ ಐಪಿ, ಹೆಸರು ಎರಡೂ ಬರದು ಕೊಡ್ರಿ. ಆ ಹೆಸರಿನ ಎ ರೆಕಾರ್ಡ್ (ಹೆಸರಿಂದ ಐಪಿ ತೋರಿಸೋದು) ತಿರುಗಿ ಅದೇ ಐಪಿಗೆ ಬರಬೇಕು, ಪೋಸ್ಟ್‌ಫಿಕ್ಸ್‌ನ ಮೈಹೋಸ್ಟ್‌ನೇಮೂ ಅದೇ ಇರಲಿ. ಅಲ್ಲೀತನಕ ಯಾವುದಾದ್ರೂ ರಿಲೇ ಸೇವೆ (ನಮ್ಮ ಮೇಲ್ ತಮ್ಮ ಸರ್ವರಿಂದ ಕಳಿಸೋರು) ತಗೊಂಡು ಪೋಸ್ಟ್‌ಫಿಕ್ಸ್‌ನಾಗ ರಿಲೇಹೋಸ್ಟ್ ಹಾಕ್ರಿ, 587 ಪೋರ್ಟ್. ಅವರದನ್ನೂ ಎಸ್‌ಪಿಎಫ್‌ದಾಗ ಬರೀರಿ, ಅದೇ ಸಾಲಿನಾಗ ಮತ್ತ! ಇನ್ನೊಂದು, 550 ಬಂದ ಬಿಲ್ಲು ಕ್ಯೂನಾಗ ಇರಂಗಿಲ್ಲ. 4ರಿಂದ ಶುರುವಾಗೋ ಎರರ್ ಬಂದಿದ್ವು ಮಾತ್ರ 5 ದಿನ ಕಾಯ್ತಾವ. ಹಳೇವನ್ನ ನೀವ ಮತ್ತ ಕಳಿಸಬೇಕು.

ಗಂಗಾವತಿ ಮಿಲ್‌ನವ:
ರಿಲೇ ಹಾಕಿದೆ, ಲಾಗ್‌ನಾಗ 250 (ಮೇಲ್ ತಗೊಂಡೈತಿ ಅಂತ) ಬಂತು. ಪಾರ್ಟಿಗೆ ಫೋನ್ ಹಚ್ಚಿ ಕೇಳಿದೆ, ಮುಟ್ಟೈತಂತ. ಪಿಟಿಆರ್‌ಗೆ ಬರದು ಕೊಟ್ಟಿದ್ದೆ, ಸಂಜೀಕ ಉತ್ತರ ಬಂತು: ರೌಟರ್ ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ.