ನಾಟಕಕ್ಕೆ ಕೀಬೋರ್ಡ್ ನುಡಿಸುವವನಿಗೆ 25 ಸಾವಿರದೊಳಗೆ ಲ್ಯಾಪ್‌ಟಾಪ್ ಸರಿಯೋ, ಟ್ಯಾಬ್ಲೆಟ್ ಸರಿಯೋ?

ಬನಹಟ್ಟಿ ಪೇಟಿ:

ಎಲ್ಲರಿಗೂ ನಮಸ್ಕಾರ. ಹಗಲು ಪವರ್‌ಲೂಮ್‌ನಲ್ಲಿ ಸೀರೆ ನೇಯುತ್ತೇನೆ, ಜಾತ್ರೆಯ ದಿನಗಳಲ್ಲಿ ರಾತ್ರಿ ಹಳ್ಳಿ ನಾಟಕಗಳಿಗೆ ಕೀಬೋರ್ಡ್ ನುಡಿಸುತ್ತೇನೆ. ಕೈಯಲ್ಲಿರುವುದು ಕೀಬೋರ್ಡಾದರೂ ಜನ ಕರೆಯುವುದು ಪೇಟಿ (ಹಾರ್ಮೋನಿಯಂ) ಮಾಸ್ತರ ಎಂದೇ. ಜಮಖಂಡಿ, ಮುಧೋಳ, ಆ ಕಡೆ ಅಥಣಿಯವರೆಗೂ ಹೋಗುತ್ತೇನೆ. ರಾತ್ರಿ ಹತ್ತೂವರೆಗೆ ನಾಂದಿ ಹಾಡಿದರೆ ಮಂಗಳ ಹಾಡುವಷ್ಟರಲ್ಲಿ ಕೋಳಿ ಕೂಗಿರುತ್ತದೆ.

ತಾಳಕ್ಕೆ ರಿದಂ ಪ್ಯಾಡ್‌ನವನು ಬೇರೆ ಇದ್ದಾನೆ. ಗುಡುಗು, ಮಳೆ, ಪೊಲೀಸ್ ಜೀಪು, ಕೂಸಿನ ಅಳು, ಪಿಸ್ತೂಲು ಮಾತ್ರ ನನ್ನ ಪಾಲಿನವು. ಮೊಬೈಲ್‌ನಲ್ಲಿ ಇಟ್ಟುಕೊಂಡಿದ್ದೇನೆ. ಮಿಕ್ಸರ್ ದೂರದಲ್ಲಿರುವುದರಿಂದ ಬ್ಲೂಟೂತ್ ಹಾಕಿದ್ದೆ. ಕಳೆದ ಜಾತ್ರೆಯಲ್ಲಿ ಗೌಡನ ಪಾತ್ರದವನು ಪಿಸ್ತೂಲು ಎತ್ತಿದ, ನಾನು ಪರದೆ ಒತ್ತಿದೆ, ನಾಯಕನ ತಮ್ಮ ಎದೆ ಹಿಡಿದುಕೊಂಡು ಬಿದ್ದ. ಅವನು ನೆಲ ಮುಟ್ಟಿದ ಮೇಲೆ ಢಂ ಎಂದಿತು. ಮುಂದೆ ಕುಳಿತ ಹುಡುಗರು ಒನ್ಸ್ ಮೋರ್ ಎಂದು ಕೂಗಿದರು. ಹಾಡಿಗೆ ಒನ್ಸ್ ಮೋರ್ ಬೀಳುವುದು ನಮ್ಮಲ್ಲಿ ಹೊಸದಲ್ಲ, ಸತ್ತವನಿಗೆ ಬಿದ್ದದ್ದು ನಾನು ಕಂಡಂತೆ ಅದೇ ಮೊದಲು. ಹೆಣದ ಹೊಟ್ಟೆ ನಗುವಿನಿಂದ ಕುಲುಕುತ್ತಿದ್ದದ್ದು ನನಗೆ ಪಕ್ಕದಿಂದ ಕಾಣುತ್ತಿತ್ತು.

ಇನ್ನೊಂದು ಆಸೆ. ನನ್ನ ಕೀಬೋರ್ಡ್‌ನ ಹಾರ್ಮೋನಿಯಂ ಧ್ವನಿ ನನಗೆ ಒಗ್ಗುವುದಿಲ್ಲ. ಉಸಿರೇ ಇಲ್ಲದ ಪೇಟಿ ಅದು. ಕಂಪ್ಯೂಟರ್‌ನಿಂದ ನಿಜವಾದ ಪೇಟಿಯ ಧ್ವನಿ ತರಬಹುದು ಎಂದು ಕೇಳಿದ್ದೇನೆ. ಕೈಯಲ್ಲಿ 25,000 ರೂಪಾಯಿ ಇದೆ. ಅಂಗಡಿಯವರು 4 ಜಿಬಿ ರ‍್ಯಾಮ್‌ನ ಹೊಸ ಸೆಲೆರಾನ್ ಲ್ಯಾಪ್‌ಟಾಪ್ ತೋರಿಸುತ್ತಾರೆ. ಮಗ ಆಂಡ್ರಾಯ್ಡ್ ಟ್ಯಾಬ್ ತೆಗೆದುಕೊಳ್ಳಿ, ನನ್ನ ಓದಿಗೂ ಆಗುತ್ತದೆ ಎನ್ನುತ್ತಾನೆ. ಅವನ ಓದು ಎಂಥದ್ದೆಂದು ನನಗೆ ಗೊತ್ತು.

ಖಡೇಬಜಾರ್ ಸೌಂಡ್:

ಮಾಸ್ತರರೇ, ಎರಡು ಬೇರೆ ಕೆಲಸಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದ್ದೀರಿ. ಮೊದಲು ಬಿಚ್ಚೋಣ.

ಪಿಸ್ತೂಲು ತಡವಾದದ್ದು ಬ್ಲೂಟೂತ್‌ನಿಂದ. ಸದ್ದನ್ನು ಕುಗ್ಗಿಸಿ, ಕಳಿಸಿ, ಆ ಕಡೆ ಮತ್ತೆ ಬಿಚ್ಚುವಷ್ಟರಲ್ಲಿ ಸೆಕೆಂಡಿನ ಐದನೆಯ ಒಂದು ಭಾಗ ಸುಲಭವಾಗಿ ಕಳೆದುಹೋಗುತ್ತದೆ. ತಂತಿ ಎಳೆಯಿರಿ. ಫೈಲುಗಳನ್ನು ಆಡಾಸಿಟಿ ಎಂಬ ಕಂಪ್ಯೂಟರ್ ಸಾಫ್ಟ್‌ವೇರ್‌ನಲ್ಲಿ ತೆರೆದು ಮೊದಲಿನ ಖಾಲಿ ಜಾಗ ಕತ್ತರಿಸಿ, ಎಂಪಿ3 ಬೇಡ, ವೇವ್ ಆಗಿ ಉಳಿಸಿ. ಎಂಪಿ3 ಮಾಡುವಾಗಲೇ ಆರಂಭದಲ್ಲಿ ಚೂರು ಮೌನ ಸೇರಿಕೊಳ್ಳುತ್ತದೆ. ಇಷ್ಟು ಕೆಲಸಕ್ಕೆ ನಿಮ್ಮ ಹಳೆಯ ಮೊಬೈಲೇ ಸಾಕು. ಸಿಮ್ ಮಾತ್ರ ತೆಗೆದಿಡಿ.

ಪೇಟಿಯದ್ದು ಬೇರೆ ಕಥೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಕೀ ಒತ್ತಿದ 10 ಮಿಲಿಸೆಕೆಂಡಿಗೆ ಸ್ವರ ಬಂದರೆ ನಿಮ್ಮ ಪೇಟಿ ಮೂರೂವರೆ ಮೀಟರ್ ಆಚೆ ಕುಳಿತು ನುಡಿದಂತೆ. ಅದನ್ನು ಬೆರಳು ಸಹಿಸುತ್ತದೆ. 40 ಆದರೆ ಹದಿಮೂರು ಮೀಟರ್ ದಾಟಿತು, ಪೇಟಿಯನ್ನು ಮಿರ್ಚಿ ಭಜಿಯ ಅಂಗಡಿ ಹತ್ತಿರ ಇಟ್ಟು ನುಡಿಸಿದ ಹಾಗೆ. ಕಂಪ್ಯೂಟರ್‌ನಲ್ಲಿ 128 ಸ್ಯಾಂಪಲ್‌ಗಳ (ಸದ್ದಿನ ಚೂರುಗಳ) ಬಫರ್, ಅಂದರೆ ಕಳಿಸುವ ಮುಂಚೆ ಸದ್ದು ಕೂಡಿಡುವ ಜಾಗ, ಇಟ್ಟರೆ 44,100 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ ಅಷ್ಟು ಚೂರು) ಸುಮಾರು 3 ಮಿಲಿಸೆಕೆಂಡ್ ತಡ, 256ಕ್ಕೆ ಸುಮಾರು 6. ಡ್ರೈವರ್ ಸಾಫ್ಟ್‌ವೇರ್ ಮತ್ತು ಸದ್ದು ಹೊರಡಿಸುವ ಇಂಟರ್‌ಫೇಸ್ ತಮ್ಮ ಪಾಲನ್ನೂ ಸೇರಿಸುತ್ತವೆ. ಬಫರ್ ಚಿಕ್ಕದಾದಷ್ಟೂ ಪ್ರೊಸೆಸರ್ ಓಡಬೇಕು, ಓಡಲಾಗದಿದ್ದರೆ ಚಟಪಟ ಸದ್ದು. ಆ ಸೆಲೆರಾನ್ ದುರ್ಬಲ ಪ್ರೊಸೆಸರ್, ಬೇಡ ಎನ್ನುವುದು ಅದಕ್ಕೇ.

ಕಂಪನಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡ್ ಟಿ480 ಲ್ಯಾಪ್‌ಟಾಪ್ ಹುಡುಕಿ. ಎಂಟನೆಯ ಪೀಳಿಗೆಯ ಐ5 ಪ್ರೊಸೆಸರ್ ಇರಲಿ. ರ‍್ಯಾಮ್‌ಗೆ ಎರಡು ಸ್ಲಾಟ್ ಇವೆ. ಬ್ಯಾಟರಿಯೂ ಎರಡು, ಒಂದು ಒಳಗೆ, ಇನ್ನೊಂದು ಹಿಂದಿನಿಂದ ಕಳಚಬಹುದಾದದ್ದು. ನಮ್ಮ ಜನರೇಟರ್‌ಗಳನ್ನು ಬಲ್ಲವರಿಗೆ ಅದರ ಬೆಲೆ ಗೊತ್ತು. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಲೇಟೆನ್ಸಿಮಾನ್ ಎಂಬ ತಡ ಅಳೆಯುವ ಸಾಫ್ಟ್‌ವೇರ್ ಹತ್ತು ನಿಮಿಷ ಓಡಿಸಿ ನೋಡಿ, ಅಂಗಡಿಯವರು ಚಹಾ ತರಿಸಿದರೆ ಇನ್ನೂ ಹತ್ತು ನಿಮಿಷ. ಕಾರ್ಯಕ್ರಮದಲ್ಲಿ ವೈಫೈ ಆಫ್ ಮಾಡಿಬಿಡಿ.

ಗುಮ್ಮಟದೂರಿನವ:

ನಮ್ಮ ಗೋಳಗುಮ್ಮಟದಲ್ಲಿ ಒಂದು ಸಲ ಕೂಗಿದರೆ ಏಳು ಸಲ ತಿರುಗಿ ಕೇಳುತ್ತದೆ. ನಿಮ್ಮ ಬ್ಲೂಟೂತ್ ಒಂದೇ ಸಲ ಕೇಳಿಸಿ ಮರ್ಯಾದೆ ಉಳಿಸಿದೆ ಬಿಡಿ.

ನಾನು ಐಪ್ಯಾಡ್ ಪಕ್ಷ. 2021ರ ಒಂಬತ್ತನೆಯ ಪೀಳಿಗೆಯದು, ಬಳಸಿದ್ದನ್ನು 19,000ಕ್ಕೆ ತೆಗೆದುಕೊಂಡೆ. ಹೆಡ್‌ಫೋನ್ ಜಾಕ್ ಇದೆ, ಮುಂದಿನ ವರ್ಷ ಬಂದ ಹತ್ತನೆಯದರಲ್ಲಿ ಇಲ್ಲ. ಗ್ಯಾರೇಜ್‌ಬ್ಯಾಂಡ್ ಎಂಬ ಸಂಗೀತದ ಆ್ಯಪ್ ಉಚಿತ. ಡ್ರೈವರ್ ಹುಡುಕುವ ಗೋಜಿಲ್ಲ, ಅಡಾಪ್ಟರ್ ಹಾಕಿ ಕೀಬೋರ್ಡ್ ಜೋಡಿಸಿದರೆ ಬೆರಳ ಹಿಂದೆಯೇ ಸ್ವರ. ಆಂಡ್ರಾಯ್ಡ್‌ನಲ್ಲಿ ಈ ತಡ ಒಂದೊಂದು ಮಾದರಿಗೆ ಒಂದೊಂದು ಥರ, ಮನೆಗೆ ತಂದು ನುಡಿಸುವವರೆಗೆ ತಿಳಿಯುವುದಿಲ್ಲ.

ಒಂದು ಎಚ್ಚರಿಕೆ. ಐಪ್ಯಾಡ್ ಬಳಸಲು ಕಂಪನಿ ಹೇಳಿರುವ ವಾತಾವರಣದ ಮಿತಿ 35 ಡಿಗ್ರಿ. ವಿಜಯಪುರದ ಏಪ್ರಿಲ್ ಅದನ್ನು ಬೆಳಗಿನ ಉಪ್ಪಿಟ್ಟಿನ ಹೊತ್ತಿಗೇ ಮುಟ್ಟಿರುತ್ತದೆ. ಒಂದು ಮದುವೆಯಲ್ಲಿ ಅಕ್ಷತೆಯ ಹೊತ್ತಿಗೆ ನನ್ನದರ ಪರದೆಯ ಮೇಲೆ ಉಷ್ಣಮಾಪಕದ ಚಿತ್ರ ಬಂತು. ಬಿಸಿಲಿಗೆ ಇಟ್ಟವನು ನಾನೇ. ರಾತ್ರಿ ನಾಟಕಕ್ಕಾದರೆ ಈ ಚಿಂತೆ ಇಲ್ಲ.

ಬನಹಟ್ಟಿ ಪೇಟಿ:

ತಂತಿ ಹಾಕಿ ತಾಲೀಮಿನಲ್ಲಿ ನೋಡಿದೆ. ಈಗ ಗುಂಡು ಮೊದಲು, ಸಾವು ಆಮೇಲೆ. ಖರ್ಚು 350 ರೂಪಾಯಿ.

ಇನ್ನೊಂದು ಪ್ರಶ್ನೆ. ನನಗೆ ಕಲಿಸಿದ ಗುರುಗಳ ಕಾಲುಪೇಟಿ, ಪೆಡಲ್ ತುಳಿದು ನುಡಿಸುವಂಥದ್ದು, ನಮ್ಮ ಮನೆಯಲ್ಲಿದೆ. ಮೂರು ಸಪ್ತಕ, 37 ಕೀ. ಹೊತ್ತೊಯ್ಯಲು ಆಗುವುದಿಲ್ಲ, ಮಾರಲು ಮನಸ್ಸಿಲ್ಲ. ಅದರ ಧ್ವನಿಯನ್ನೇ ಕಂಪ್ಯೂಟರ್‌ಗೆ ತುಂಬಬಹುದೇ?

ಖಡೇಬಜಾರ್ ಸೌಂಡ್:

ಖಂಡಿತ. ಒಂದೊಂದು ಕೀಯನ್ನು ಹತ್ತು ಸೆಕೆಂಡ್ ಒಂದೇ ಗಾಳಿಯಲ್ಲಿ ನುಡಿಸಿ ರೆಕಾರ್ಡ್ ಮಾಡಿ. ಪ್ರತಿಯೊಂದಕ್ಕೂ ಸ್ವರದ ಹೆಸರು ಕೊಟ್ಟು ಸ್ಫೋರ್ಝಾಂಡೋ ಎಂಬ ಉಚಿತ ಪ್ಲೇಯರ್‌ಗೆ ಹಾಕಬಹುದು. ಹಾಗಾದರೆ ಲ್ಯಾಪ್‌ಟಾಪೇ ಸರಿ. ಹಳೆಯ ಪೇಟಿಯ ಶ್ರುತಿ ಕೀಬೋರ್ಡ್‌ನ 440 ಹರ್ಟ್ಸ್ ಶ್ರುತಿಗೆ ಕೂಡದೇ ಇರಬಹುದು, ಕೂಡಿಸಿಕೊಳ್ಳಿ. ಕೋಣೆ ಮಾತ್ರ ನಿಶ್ಶಬ್ದವಾಗಿರಲಿ.

ಬನಶಂಕರಿ ಡೇರೆ:

ಬಾದಾಮಿ ಬನಶಂಕರಿ ಜಾತ್ರೆಯ ನಾಟಕ ಕಂಪನಿಗಳಲ್ಲಿ ಹಲವು ವರ್ಷ ವಿದ್ಯುತ್ ಕೆಲಸ ಮಾಡಿದವನು, ಒಂದೇ ಮಾತು ಹೇಳುತ್ತೇನೆ. ಲ್ಯಾಪ್‌ಟಾಪ್‌ಗೆ ಚಾರ್ಜರ್ ಹಾಕಿದೊಡನೆ ಸ್ಪೀಕರ್ ಗುಂಯ್ ಎನ್ನಬಹುದು. ಯಾರಾದರೂ ಅರ್ಥಿಂಗ್ ಪಿನ್ ಮುರಿಯಿರಿ ಎಂದು ಸಲಹೆ ಕೊಟ್ಟರೆ ಅವರನ್ನು ವೇದಿಕೆಯಿಂದ ಇಳಿಸಿ. ಜೀವ ಹೋಗುವ ಕೆಲಸ ಅದು. ಲ್ಯಾಪ್‌ಟಾಪ್‌ಗೂ ಮಿಕ್ಸರ್‌ಗೂ ನಡುವೆ ಆ ಗುಂಯ್ ತಡೆಯಲು ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಹಾಕಿ, ಇಲ್ಲವೇ ಆ ಅಂಕ ಮುಗಿಯುವವರೆಗೆ ಬ್ಯಾಟರಿಯಲ್ಲೇ ನಡೆಸಿ.

ಬನಹಟ್ಟಿ ಪೇಟಿ:

ಬೆಳಗಾವಿಗೆ ಹೋಗಿ ಟಿ480 ತಂದೆ. ರ‍್ಯಾಮ್ 16 ಜಿಬಿ ಮಾಡಿಸಿ 21,500 ಆಯಿತು, ಉಳಿದದ್ದರಲ್ಲಿ ಡಿಐ ಬಾಕ್ಸ್ ಬಂತು. ಮಗ ಎರಡು ದಿನ ಮಾತು ಬಿಟ್ಟಿದ್ದ.

ಕೋಣೆ ನಿಶ್ಶಬ್ದವಾಗಿರಲಿ ಎಂದಿರಿ. ನಮ್ಮ ಓಣಿಯಲ್ಲಿ ಎಡಕ್ಕೆ ನಾಲ್ಕು ಮಗ್ಗ, ಬಲಕ್ಕೆ ಆರು, ಹಿಂದೆ ನನ್ನವೇ ಎರಡು. ನನ್ನವನ್ನು ನಿಲ್ಲಿಸಬಹುದು, ಊರಿನವನ್ನು ನಿಲ್ಲಿಸಲಾದೀತೇ? ನಡುರಾತ್ರಿಯಲ್ಲೂ ಖಟ ಖಟ ನಿಲ್ಲುವುದಿಲ್ಲ. ಮೊನ್ನೆ ಮಧ್ಯಾಹ್ನ ಮೂರಕ್ಕೆ ಕರೆಂಟ್ ಹೋಯಿತು. ಇಡೀ ಓಣಿ ಒಮ್ಮೆಲೇ ಸುಮ್ಮನಾಯಿತು. ಉಣ್ಣುತ್ತಿದ್ದ ತಾಟು ಬಿಟ್ಟು ಎದ್ದೆ. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ, ನಾನು ಪೆಡಲ್ ಮೇಲೆ. ಗುರುಗಳ ಮಂದ್ರ ಷಡ್ಜದಲ್ಲಿ ತುಕ್ಕು ಹಿಡಿದ ರೀಡ್‌ನ ಕೊರಕು ಇದೆ, ಅದನ್ನೂ ಹಾಗೆಯೇ ತುಂಬಿಕೊಂಡೆ.

ಇಪ್ಪತ್ತಮೂರನೆಯ ಕೀಗೆ ಕರೆಂಟ್ ಬಂತು. ಉಳಿದ ಹದಿನಾಲ್ಕು ಮುಂದಿನ ಸಲ ಹೋದಾಗ.