ಚಾಕೊಲೇಟ್ ಸಿಸ್ಟ್ ಆಪರೇಷನ್: ಸೈನ್ ಹಾಕೋ ಮುಂಚೆ ಏನೇನು ಕೇಳಬೇಕು?

ಹೇಮಾವತಿ ದಂಡೆ (ಪ್ರಶ್ನೆ):
ತಂಗಿಗೆ 29. ಮದುವೆಯಾಗಿದೆ, ಮಕ್ಕಳು ಇನ್ನೆರಡು ವರ್ಷ ಬಿಟ್ಟು ಅಂತಿದ್ದಾರೆ. ಸ್ಕ್ಯಾನ್‌ನಲ್ಲಿ ಎಡ ಅಂಡಾಶಯದಲ್ಲಿ 5.5 ಸೆಂ.ಮೀ. ಚಾಕೊಲೇಟ್ ಸಿಸ್ಟ್ (ಎಂಡೋಮೆಟ್ರಿಯೋಸಿಸ್‌ನಿಂದ ಹಳೇ ರಕ್ತ ತುಂಬಿಕೊಂಡ ಚೀಲ), ಬಲಗಡೆ 2 ಸೆಂ.ಮೀ.ದು ಇನ್ನೊಂದು. ಮುಟ್ಟಿನ ನೋವು ಮಾತ್ರೆಗೆ ಹಿಡಿತಕ್ಕೆ ಬರುತ್ತೆ. ಲ್ಯಾಪ್ರೋಸ್ಕೋಪಿಯಲ್ಲಿ ಎರಡನ್ನೂ ತೆಗೆದುಬಿಡೋಣ ಅಂದಿದ್ದಾರೆ. ಇದರಿಂದ ಅಂಡಾಣುಗಳ ಸಂಗ್ರಹ ಕಡಿಮೆಯಾಗುತ್ತಾ?

ಓಟಿ ಸಿಸ್ಟರ್:
ಆಗುತ್ತೆ. ಎಷ್ಟು ಅನ್ನೋದು ಸಿಸ್ಟ್ ಯಾವ ಜಾತಿಯದು, ಬಿಡಿಸೋ ಕೈ ಯಾರದು ಅನ್ನೋದರ ಮೇಲೆ. ಡರ್ಮಾಯ್ಡ್ (ಕೂದಲು, ಕೊಬ್ಬು ತುಂಬಿದ ಇನ್ನೊಂದು ಜಾತಿ ಸಿಸ್ಟ್) ಆದರೆ ಅದಕ್ಕೆ ತನ್ನದೇ ಸಿಪ್ಪೆ ಇರುತ್ತೆ, ಸಾಮಾನ್ಯವಾಗಿ ಸಲೀಸಾಗಿ ಬಿಡಿಸಿಕೊಂಡು ಬರುತ್ತೆ. ಚಾಕೊಲೇಟ್ ಸಿಸ್ಟ್‌ಗೆ ಅಂಥ ಸಿಪ್ಪೆ ಇಲ್ಲ. ಅದರ ಗೋಡೆ ಅಂದ್ರೆ ಒಳಮುಖವಾಗಿ ಮಡಚಿಕೊಂಡ ಅಂಡಾಶಯದ ಹೊರಪದರವೇ, ಅಂಡಾಣುಗಳಿರೋದು ಅಲ್ಲೇ. ಎಳೆದು ಸುಲಿದಾಗ ಒಂದಿಷ್ಟು ಅದರ ಜೊತೆಗೇ ಹೋಗುತ್ತವೆ.

ಎರಡನೇ ಪೆಟ್ಟು ರಕ್ತ ನಿಲ್ಲಿಸೋವಾಗ. ರಕ್ತನಾಳ ಒಳಬರೋ ಬುಡದ ಹತ್ತಿರ ಬೈಪೋಲಾರ್ ಅನ್ನೋ ಕರೆಂಟ್ ಸಾಧನದಿಂದ ಸುಟ್ಟರೆ ಸುತ್ತಲಿನ ಒಳ್ಳೆ ಭಾಗಕ್ಕೂ ರಕ್ತ ತಪ್ಪುತ್ತೆ. ಕರಗೋ ದಾರದಲ್ಲಿ ಹೊಲಿದು ನಿಲ್ಲಿಸಿದರೆ ನಷ್ಟ ಕಡಿಮೆ. ಹಾಗಾಗಿ ನೇರವಾಗಿ ಕೇಳಿ: "ರಕ್ತ ಹೇಗೆ ನಿಲ್ಲಿಸ್ತೀರಿ? ಬಲಗಡೆಯ 2 ಸೆಂ.ಮೀ.ದನ್ನ ಈಗಲೇ ಮುಟ್ಟಲೇಬೇಕಾ?" ಎರಡೂ ಕಡೆ ಸುಲಿದಾಗಲೇ ಸಂಗ್ರಹ ಜಾಸ್ತಿ ಕುಸಿಯೋದು. ಸೂಜಿಯಿಂದ ಬರೀ ದ್ರವ ಹೀರಿ ಬಿಟ್ಟರೆ ಪದೇಪದೇ ತುಂಬಿಕೊಳ್ಳುತ್ತೆ, ಅದು ಪರಿಹಾರ ಅಲ್ಲ.

ಕನ್ಸೆಂಟ್ ಫಾರಂ ಕೊನೇ ಸಾಲಿನವರೆಗೆ ಓದಿ. "ಅಗತ್ಯವಿದ್ದರೆ ಅಂಡಾಶಯ ತೆಗೆಯುವುದು" ಅಂತ ಮೊದಲೇ ಅಚ್ಚಾಗಿದ್ದರೆ ಯಾವ ಪರಿಸ್ಥಿತಿಯಲ್ಲಿ ಅಂತ ಪಕ್ಕದಲ್ಲೇ ಬರೆಸಿಕೊಳ್ಳಿ. ಬಯಾಪ್ಸಿ ರಿಪೋರ್ಟೂ ಇಟ್ಟುಕೊಳ್ಳಿ, ಗೋಡೆಯ ಜೊತೆ ಅಂಡಾಶಯದ ಅಂಗಾಂಶ ಬಂದಿದ್ದರೆ ಅದರಲ್ಲಿ ಗೊತ್ತಾಗುತ್ತೆ.

ಲ್ಯಾಬ್ ಟೇಬಲ್:
ಆಪರೇಷನ್‌ಗೆ ಮುಂಚೆ ಎಎಂಎಚ್ (ಅಂಡಾಣು ಸಂಗ್ರಹ ಅಂದಾಜು ಮಾಡೋ ಹಾರ್ಮೋನ್ ರಕ್ತಪರೀಕ್ಷೆ) ಮಾಡಿಸಲೇಬೇಕು, ಇಲ್ಲದಿದ್ದರೆ ಆಮೇಲೆ ಯಾವುದಕ್ಕೆ ಹೋಲಿಸ್ತೀರಿ? ಮುಟ್ಟಿನ ಯಾವ ದಿನವಾದರೂ ರಕ್ತ ಕೊಡಬಹುದು, ಉಪವಾಸ ಬೇಡ. ಗರ್ಭನಿರೋಧಕ ಮಾತ್ರೆ ನುಂಗ್ತಿದ್ದರೆ ಅಂಕಿ ಕೆಳಗೆ ತೋರಿಸಬಹುದು, ಫಾರಂನಲ್ಲಿ ಬರೆಸಿ. ಯೂನಿಟ್ ನೋಡದೆ ಗಾಬರಿಯಾಗಬೇಡಿ: 1 ನ್ಯಾನೋಗ್ರಾಂ/ಮಿ.ಲೀ. ಅಂದ್ರೆ ಸುಮಾರು 7.14 ಪಿಕೋಮೋಲ್/ಲೀ. ಎರಡೂ ಸಲ ಒಂದೇ ಲ್ಯಾಬ್ ಇರಲಿ. ಮುಟ್ಟಿನ 2–5ನೇ ದಿನ ಟಿವಿಎಸ್ (ಯೋನಿ ಮೂಲಕ ಮಾಡೋ) ಸ್ಕ್ಯಾನ್‌ನಲ್ಲಿ ಎರಡೂ ಅಂಡಾಶಯಗಳ ಸಣ್ಣ ಅಂಡಾಣು ಚೀಲಗಳನ್ನು (ಫಾಲಿಕಲ್) ಎಣಿಸಿದರೆ ಇನ್ನೂ ಒಳ್ಳೆಯದು, ಆದರೆ ಸಿಸ್ಟ್ ಅಡ್ಡ ಇರೋ ಕಡೆ ಎಣಿಕೆ ತಪ್ಪೋದುಂಟು.

ಆಪರೇಷನ್ ಆದ ಹೊಸದರಲ್ಲಿ ಎಎಂಎಚ್ ಬೀಳುತ್ತೆ, ಕೆಲವರಲ್ಲಿ ತಿಂಗಳುಗಟ್ಟಲೆ ಕಳೆದ ಮೇಲೆ ಸ್ವಲ್ಪ ಏರುತ್ತೆ. ಹಾಗಾಗಿ ಮರುವಾರವೇ ಮಾಡಿಸೋದು ದಂಡ, 3 ತಿಂಗಳಾದರೂ ಬಿಡಿ. ಕಡಿಮೆ ಬಂತು ಅಂದಮಾತ್ರಕ್ಕೆ ತಾನಾಗಿ ಗರ್ಭ ನಿಲ್ಲಲ್ಲ ಅಂತಲ್ಲ. ಐವಿಎಫ್ ಇಂಜೆಕ್ಷನ್‌ಗೆ ಎಷ್ಟು ಅಂಡಾಣು ಸಿಗಬಹುದು ಅಂತ ಅಂದಾಜು ಮಾಡೋಕೆ ಆ ಅಂಕಿ ಹೆಚ್ಚು ಉಪಯೋಗ.

ಹೇಮಾವತಿ ದಂಡೆ:
ಹಾಗಾದ್ರೆ ಆಪರೇಷನ್ನೇ ಬೇಡ್ವಾ?

ತುಂಗಾತೀರ:
ಹಾಗಲ್ಲಮ್ಮ. ಡಾಪ್ಲರ್‌ನಲ್ಲಿ (ರಕ್ತದ ಹರಿವು ತೋರಿಸೋ ಸ್ಕ್ಯಾನ್) ಸಿಸ್ಟ್‌ನೊಳಗಿನ ಗಟ್ಟಿ ಭಾಗಕ್ಕೆ ರಕ್ತ ಹರಿಯೋದು ಕಂಡರೆ, ಬೇಗ ಬೆಳೀತಿದ್ದರೆ, ನೋವು ಔಷಧಿಗೆ ಬಗ್ಗದಿದ್ದರೆ ತಡ ಮಾಡಬಾರದು. ಬರೀ ಐವಿಎಫ್ ಫಲಿತಾಂಶ ಸುಧಾರಿಸಲಿ ಅಂತ ಚಾಕೊಲೇಟ್ ಸಿಸ್ಟ್ ತೆಗೆಯೋದನ್ನ ಯುರೋಪಿನ ಸಂತಾನೋತ್ಪತ್ತಿ ತಜ್ಞರ ಸಂಘ ಇಎಸ್‌ಎಚ್‌ಆರ್‌ಇ ತನ್ನ 2022ರ ಮಾರ್ಗಸೂಚಿಯಲ್ಲಿ ಎಲ್ಲರಿಗೂ ಮಾಡಬೇಡಿ ಅಂದಿದೆ. ನೀವು ಬರೆದಷ್ಟೇ ಲಕ್ಷಣ ಇದ್ದರೆ ಡೈನೋಜೆಸ್ಟ್ ಅನ್ನೋ ಹಾರ್ಮೋನ್ ಮಾತ್ರೆ 2 ಮಿ.ಗ್ರಾಂ. ದಿನಕ್ಕೊಂದು ಕೊಟ್ಟು ಸ್ಕ್ಯಾನ್‌ನಲ್ಲಿ ನೋಡಬಹುದಾ ಅಂತ ಕೇಳಿ. ಅದು ನುಂಗುವಾಗ ಗರ್ಭ ನಿಲ್ಲೋದು ಕಷ್ಟ, ಹಾಗಂತ ಗರ್ಭನಿರೋಧಕ ಅಂತ ನಂಬಬೇಡಿ.

ಎಎಂಎಚ್ ಈಗಾಗಲೇ ಕಮ್ಮಿ ಇದ್ದು ಎರಡೂ ಕಡೆ ಆಪರೇಷನ್ ಅನಿವಾರ್ಯ ಅಂದರೆ, ಮೊದಲು ಅಂಡಾಣು ಅಥವಾ ಭ್ರೂಣ ಫ್ರೀಜ್ ಮಾಡಿಸೋ ಮಾತು ಎತ್ತಿ. ಸಾಮಾನ್ಯವಾಗಿ 10–12 ದಿನದ ಇಂಜೆಕ್ಷನ್, ಆಮೇಲೆ ಅಂಡಾಣು ತೆಗೆಯೋದು. ಸೂಜಿ ಸಿಸ್ಟ್‌ಗೆ ಚುಚ್ಚಿದರೆ ಸೋಂಕಾಗೋ ಅಪಾಯ ಇರೋದರಿಂದ ಅದನ್ನ ತಪ್ಪಿಸಿಯೇ ತೆಗೀತಾರೆ.

ಕಾಯೋ ದಿನಗಳಲ್ಲಿ ಇದ್ದಕ್ಕಿದ್ದಂತೆ ಒಂದೇ ಕಡೆ ತಡೆಯಲಾರದ ನೋವು, ವಾಂತಿ ಅಥವಾ ಜ್ವರ ಬಂದರೆ ಅಪಾಯಿಂಟ್‌ಮೆಂಟ್ ಕಾಯದೆ ಸೀದಾ ಕ್ಯಾಶುವಾಲ್ಟಿಗೆ ಕರ್ಕೊಂಡು ಹೋಗಿ. ಅಂಡಾಶಯ ತಿರುಚಿಕೊಂಡಿರಬಹುದು. ಹಾಗೆ ತಿರುಚಿಕೊಂಡದ್ದು ಕಪ್ಪಗೆ ಕಂಡರೂ ಬಿಡಿಸಿ ಉಳಿಸೋದು ಬಹಳ ಸಲ ಸಾಧ್ಯ, ಆದರೆ ಗಂಟೆಗಟ್ಟಲೆ ತಡವಾದಷ್ಟೂ ಆ ಅವಕಾಶ ಕಮ್ಮಿಯಾಗುತ್ತೆ.